ಇಬ್ಬರೂ ನೋಡಿದ್ದೇ ಜಿಂಕೆ

ಹದಿನೇಳು ವರ್ಷ ಜಿಂಕೆ ಎಣಿಸಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಜಿಂಕೆಯಿಂದಲೂ ನನಗೆ ತೊಂದರೆಯಾಗಲಿಲ್ಲ. ಆದದ್ದೆಲ್ಲ ಎರಡು ಕಾಲಿನವರಿಂದ. ಎಲ್ಲಿ ಏನೇ ಎಡವಟ್ಟಾಗಲಿ, ಅದು ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬರುತ್ತಿತ್ತು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ, ಅವರ ಹೊಟ್ಟೆ ಅವರದು. ನನಗೆ ಮಾತ್ರ ಹೇಳುವಾಗಲೆಲ್ಲ ಮೈ ಉರಿಯುತ್ತದೆ.

ನಾನು ಹರಿಹರದ ಕಡೆಯವನು. ವಿಶಾಖಪಟ್ಟಣದ ಒಂದು ಕಾರ್ಖಾನೆಗೆ ಎಂಜಿನಿಯರಾಗಿ ಬಂದೆ. ನಮ್ಮ ಟೌನ್‌ಶಿಪ್ಪಿನ ಹಿಂದೆ ಒಂದು ಗುಡ್ಡ. ಗೇರು ಮರ, ತಾಳೆ ಮರ, ಒಳಗೆ ಹೋದವನ ಅಂಗಿ ಹರಿಯುವಂಥ ಮುಳ್ಳುಪೊದೆ. ಆ ಗುಡ್ಡದ ಬುಡದಲ್ಲಿ ಚುಕ್ಕೆ ಜಿಂಕೆಗಳ ಒಂದು ಹಿಂಡು ಇತ್ತು. ಒಂದು ಬೆಳಗ್ಗೆ ವಾಕಿಂಗ್ ಹೋದಾಗ ಅರಣ್ಯದ ವಾಚರ್ ಸಿಕ್ಕ. ಅವನು ಹೇಳಿದ: "ಸಾರ್, ಕಾಗದದ ಮೇಲೆ ಇಲ್ಲಿ ಒಂದೂ ಜಿಂಕೆ ಇಲ್ಲ. ನಾಳೆ ಯಾರಾದರೂ ಈ ಗುಡ್ಡ ಕೇಳಿದರೆ ಇಲ್ಲ ಅನ್ನೋಕೆ ನಮ್ಮ ಹತ್ತಿರ ಏನೂ ಇಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪ್ರತಿ ತಿಂಗಳ ಮೊದಲ ಭಾನುವಾರ ಎಣಿಸೋದು, ನೋಟ್‌ಬುಕ್ಕಿನಲ್ಲಿ ಬರೆಯೋದು, ಗುಡ್ಡಕ್ಕೆ ಯಾರಾದರೂ ಕೈಹಾಕಿದ ದಿನ ಆ ನೋಟ್‌ಬುಕ್ಕು ಅವರ ಮುಂದೆ ಇಡೋದು ಅಂತ ತೀರ್ಮಾನಿಸಿದೆ. ನನ್ನ ಹೆಂಡತಿ ರಾಣೆಬೆನ್ನೂರಿನವಳು. ಕೇಳಿದವಳೇ, "ನಮ್ಮ ಕಡೆ ಚಿಗರಿ ಹೊಲಕ್ಕ ಬಂದ್ರ ಡಬ್ಬಿ ಬಡದು ಓಡಸ್ತಾರ. ನೀವು ನೋಡಿದ್ರ ಹಾಜರಿ ಹಾಕಾಕ ಹೊಂಟೀರಿ" ಅಂದಳು.

೧. ಒಂದೇ ತಿಂಗಳಲ್ಲಿ ನೂರು ಜಿಂಕೆ

ಮೊದಲ ಎಣಿಕೆಗೆ ಟೌನ್‌ಶಿಪ್ಪಿನ ಕ್ಲಬ್ಬಿನಲ್ಲಿ ನೋಟೀಸು ಹಾಕಿದೆವು. ಇಪ್ಪತ್ತು ಜನ ಬಂದರು. ಉಪ್ಪಿಟ್ಟು, ಕಾಫಿ ಇದೆ ಅಂತ ನೋಟೀಸಿನ ಕೆಳಗೆ ಬರೆದದ್ದರ ಫಲ ಅದು ಅಂತ ಆಮೇಲೆ ತಿಳಿಯಿತು. ಇಬ್ಬಿಬ್ಬರಂತೆ ಹತ್ತು ಜೋಡಿ ಮಾಡಿ ಗುಡ್ಡದ ಸುತ್ತ ನಿಲ್ಲಿಸಿದೆವು. ಎಲ್ಲರಿಗೂ ಬಿಳಿ ಟೋಪಿ, ಕೈಯಲ್ಲಿ ಪೆನ್ನು.

ಜಿಂಕೆಗಳು ಮೊದಲ ಜೋಡಿಯನ್ನು ನೋಡಿ ಹೆದರಿ ಎರಡನೆಯ ಜೋಡಿಯ ಕಡೆ ಓಡಿದವು. ಅಲ್ಲಿ ಟೋಪಿ ನೋಡಿ ಮೂರನೆಯವರ ಕಡೆ ಓಡಿದವು. ಹೀಗೆ ಗುಡ್ಡ ಸುತ್ತಿದ ಒಂದೇ ಹಿಂಡನ್ನು ಐದು ಜೋಡಿಗಳು ಸಡಗರದಿಂದ ಬರೆದುಕೊಂಡವು. ಮಿಕ್ಕ ಐದು ಜೋಡಿ ಅಷ್ಟರಲ್ಲೇ ಉಪ್ಪಿಟ್ಟಿನ ಹತ್ತಿರ ವಾಪಸಾಗಿದ್ದವು. ಕೂಡಿಸಿದರೆ ನೂರಾ ಮೂವತ್ತಾರು. ಚಪ್ಪಾಳೆ ಬಿತ್ತು, ಗ್ರೂಪ್ ಫೋಟೋ ಆಯಿತು, ನಮ್ಮ ದೊಡ್ಡ ಸಾಹೇಬರು ಫೋಟೋವನ್ನು ಮೇಲಿನವರಿಗೆ ಕಳಿಸಿದರು.

ಇದು ಸರಿಯಿಲ್ಲ ಅಂತ ಅವತ್ತು ಹೇಳಿದವರು ಒಬ್ಬರೇ. ನಮ್ಮ ಕಾರ್ಖಾನೆಯ ಫೋರ್‌ಮನ್, ಮಾಲು ಪರೀಕ್ಷೆ ಮಾಡುವ ವಿಭಾಗದವರು. ಎಲ್ಲರೂ ಅವರನ್ನು ಮರ್ಯಾದೆಯಿಂದ ಫೋರ್‌ಮನ್ ಗಾರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ತಾನು ಕಣ್ಣಾರೆ ನೋಡದ ಮಾಲಿಗೆ ಸಹಿ ಹಾಕುವುದಿಲ್ಲ ಅಂತ ಹಟ ಹಿಡಿದು, ಅದೇ ಕಾರಣಕ್ಕೆ ಎರಡು ಸಲ ಪ್ರಮೋಷನ್ ಕಳೆದುಕೊಂಡ ಆಸಾಮಿ. ಅವರ ತೆಲುಗನ್ನು ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ. "ಅಂಡಿ" ಅನ್ನುವ ಅವರ ಮರ್ಯಾದೆಯನ್ನು ಮಾತ್ರ ಹಾಗೇ ಬಿಡುತ್ತೇನೆ, ಅದನ್ನು ಕಿತ್ತರೆ ಅವರು ಅವರಾಗಿ ಉಳಿಯುವುದಿಲ್ಲ.

"ಒಂದು ನಿಯಮ ಮಾಡೋಣ ಅಂಡಿ" ಅಂದರು ಅವರು. "ಇಬ್ಬರೂ ನೋಡಿದ್ದೇ ಜಿಂಕೆ. ಒಬ್ಬನೇ ನೋಡಿದ್ದು ಬರೀ ಮಾತು. ಇಬ್ಬರ ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದನ್ನೇ ಬರೆಯೋಣ."

ನನಗೆ ಬಹಳ ಹಿಡಿಸಿತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಮೂರು ಭಾಷೆಯಲ್ಲಿ, ದುಂಡಗೆ ಬರೆದು ಕೆಳಗೆ ಕೆಂಪು ಗೆರೆ ಎಳೆದೆ. ಮುಂದೆ ತಂದ ಪ್ರತಿ ನೋಟ್‌ಬುಕ್ಕಿನ ಮೊದಲ ಪುಟದಲ್ಲೂ ಬರೆದೆ. ಆ ಗೆರೆ ಎಳೆದ ಕೈಯನ್ನು ಈಗ ನಾನೇ ಕಚ್ಚಿಕೊಳ್ಳಬೇಕು.

ಮುಂದಿನ ತಿಂಗಳು ಉಪ್ಪಿಟ್ಟು ಇರಲಿಲ್ಲ. ಆರು ಜನ ಬಂದರು. ಅದರ ಮುಂದಿನ ತಿಂಗಳಿಂದ ನಾನು, ಫೋರ್‌ಮನ್ ಗಾರು, ಇಬ್ಬರೇ. ಹಾಳೂರಿಗೆ ಉಳಿದವನೇ ಗೌಡ. ಹೊಸ ನಿಯಮದಂತೆ ಎಣಿಸಿದಾಗ ಮೂವತ್ತನಾಲ್ಕು ಬಂತು. ಅದನ್ನೇ ಬರೆದು ಕೊಟ್ಟೆವು. ಎರಡು ವಾರಕ್ಕೆ ದೊಡ್ಡ ಸಾಹೇಬರಿಂದ ನನಗೆ ಕಾಗದ ಬಂತು: "ಮಿಕ್ಕ ನೂರಾ ಎರಡು ಜಿಂಕೆಗಳು ತಮ್ಮ ಉಸ್ತುವಾರಿಯಲ್ಲಿ ಏನಾದವು ಎಂಬುದಕ್ಕೆ ಲಿಖಿತ ವಿವರಣೆ ನೀಡತಕ್ಕದ್ದು."

೨. ಜೇಬಿನ ತೂತು

ಫೋರ್‌ಮನ್ ಗಾರು ಎಣಿಸುವ ರೀತಿಯೇ ಬೇರೆ. ನಾನು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತೇನೆ. ಅವರು ಪ್ಯಾಂಟಿನ ಎಡಜೇಬಿನ ತುಂಬ ಹುಣಸೆ ಬೀಜ ಹಾಕಿಕೊಂಡು ಬರುತ್ತಾರೆ. ಒಂದು ಜಿಂಕೆ ಕಂಡರೆ ಒಂದು ಬೀಜ ಎಡಜೇಬಿನಿಂದ ಬಲಜೇಬಿಗೆ. ಕೊನೆಗೆ ಬಂಡೆಯ ಮೇಲೆ ಕೂತು ಬಲಜೇಬು ಸುರಿದು ಎಣಿಸುತ್ತಾರೆ. "ಪೆನ್ನು ನೋಡುತ್ತಾ ಕೂತರೆ ಜಿಂಕೆ ನೋಡುವವರು ಯಾರು ಅಂಡಿ" ಅನ್ನೋದು ಅವರ ವಾದ. ಮಾತು ಸುಳ್ಳಲ್ಲ.

ಒಂದು ವರ್ಷ ಬೇಸಿಗೆಯಿಂದ ಅವರ ಲೆಕ್ಕ ಇಳಿಯತೊಡಗಿತು. ನನಗೆ ಮೂವತ್ತೆರಡು ಕಂಡರೆ ಅವರಿಗೆ ಇಪ್ಪತ್ತೇಳು. ಮುಂದಿನ ತಿಂಗಳು ಇಪ್ಪತ್ತೆರಡು. ಅದರ ಮುಂದೆ ಹದಿನೆಂಟು. ನಿಯಮದ ಪ್ರಕಾರ ಕಡಿಮೆಯದನ್ನೇ ಬರೆಯಬೇಕು, ಬರೆದೆ. ಫೋರ್‌ಮನ್ ಗಾರು ತಪ್ಪುತ್ತಾರೆ ಅಂತ ನನಗೆ ಕನಸಿನಲ್ಲೂ ಬರಲಿಲ್ಲ. ನನ್ನ ಕಣ್ಣಿನ ಮೇಲೇ ಅನುಮಾನ ಬಂದು ಡಾಕ್ಟರ ಹತ್ತಿರ ಹೋದೆ. ಒಂದೊಂದು ಜಿಂಕೆ ಎರಡೆರಡು ಕಾಣುತ್ತಿದೆ ಅಂದೆ. ಅವರು ನನ್ನ ಬಾಯಿಯ ವಾಸನೆ ನೋಡಿ, ಎಷ್ಟು ವರ್ಷದ ಅಭ್ಯಾಸ ಅಂತ ಕೇಳಿದರು.

ಹಿಂಡು ಅರ್ಧವಾಗಿದೆ ಅಂತ ಸಂಕಟಪಟ್ಟು ಅರಣ್ಯದ ಕಚೇರಿಗೆ ಕಾಗದ ಬರೆದೆ. ಯಾವತ್ತೂ ಉತ್ತರ ಕೊಡದ ಕಚೇರಿ, ಅದಕ್ಕೆ ಮಾತ್ರ ಆ ವಾರವೇ ಕೆಲಸ ಮಾಡಿತು. ಕಾವಲಿನಲ್ಲಿ ಅಲಕ್ಷ್ಯ ಅಂತ ನಮ್ಮ ವಾಚರಿಗೆ ಮೆಮೋ ಕೊಟ್ಟು ದೂರದ ಒಂದು ಕಾಡಿಗೆ ವರ್ಗ ಮಾಡಿದರು. ಈ ಎಣಿಕೆಯ ಬೀಜ ಬಿತ್ತಿದವನೇ ಅವನು. ಹೋಗುವ ದಿನ ನನ್ನ ಹತ್ತಿರ ಬಂದು, "ಪರವಾಗಿಲ್ಲ ಸಾರ್, ನೀವು ಎಣಿಸೋದು ಬಿಡಬೇಡಿ" ಅಂದು ಹೋದ.

ಮಳೆ ಬಿದ್ದ ಮೇಲೆ ನಾವು ಗುಡ್ಡಕ್ಕೆ ಹೋದಾಗ ನಾವು ನಡೆಯುವ ದಾರಿಯುದ್ದಕ್ಕೂ, ಸಾಲಾಗಿ, ಮಾರಿಗೊಂದರಂತೆ ಹುಣಸೆ ಸಸಿ ಎದ್ದಿದ್ದವು. ನಾನು ಸಸಿ ನೋಡಿದೆ. ಫೋರ್‌ಮನ್ ಗಾರು ಸಸಿ ನೋಡಿದರು. ಆಮೇಲೆ ನಿಧಾನಕ್ಕೆ ಬಲಜೇಬಿಗೆ ಕೈ ಹಾಕಿದರು. ಕೈ ಜೇಬಿನ ತಳ ದಾಟಿ ಪ್ಯಾಂಟಿನೊಳಗೆ ಮಂಡಿಯ ಹತ್ತಿರದವರೆಗೂ ಇಳಿಯಿತು.

ಅವರ ಹೆಂಡತಿ ಅವತ್ತೇ ಜೇಬು ಹೊಲಿದುಕೊಟ್ಟರು. ಮುಂದಿನ ತಿಂಗಳು ಇಬ್ಬರಿಗೂ ಮೂವತ್ಮೂರು. ತಪ್ಪು ನಮ್ಮದು, ವಾಚರದು ಏನೂ ಇಲ್ಲ, ದಯವಿಟ್ಟು ಅವನನ್ನು ವಾಪಸು ಕರೆಸಿ ಅಂತ ಇಬ್ಬರೂ ಸಹಿ ಹಾಕಿ ಕಾಗದ ಬರೆದೆವು. ಉತ್ತರ ಬಂತು: "ಹೊಸ ವಾಚರ್ ಬಂದ ಒಂದೇ ತಿಂಗಳಲ್ಲಿ ಜಿಂಕೆಗಳ ಸಂಖ್ಯೆ ಹದಿನೈದು ಹೆಚ್ಚಿರುವುದು ತಿಳಿದು ಸಂತೋಷವಾಯಿತು. ಅವರನ್ನು ಸನ್ಮಾನಿಸಲಾಗುವುದು."

೩. ಬುಧವಾರದೊಳಗೆ ಎರಡು ವರ್ಷ

ರಿಟೈರಾದ ಮೇಲೆ ವಿಶಾಖಪಟ್ಟಣದ ಊರೊಳಗೆ, ಎಂವಿಪಿ ಕಾಲೋನಿಯ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಎಣಿಕೆ ಮಾತ್ರ ಬಿಡಲಿಲ್ಲ. ಈ ಕಾಲೋನಿಯಲ್ಲಿ ಮನೆಗಿಂತ ಕೋಚಿಂಗ್ ಸೆಂಟರ್ ಜಾಸ್ತಿಯೇನೋ ಅನ್ನಿಸುತ್ತದೆ. ಸಮಾಜಸೇವೆ ಮಾಡಿದ ಸರ್ಟಿಫಿಕೇಟು ಇದ್ದರೆ ಕಾಲೇಜು ಸೇರೋಕೆ ಅನುಕೂಲ ಅಂತ ಯಾರೋ ಹಬ್ಬಿಸಿದ್ದರು. ನನ್ನ ನಂಬರು ತಾಯಂದಿರ ವಾಟ್ಸ್ಆ್ಯಪ್ ಗುಂಪಿಗೆ ಹೇಗೆ ಹೋಯಿತೋ ದೇವರಿಗೇ ಗೊತ್ತು.

ಒಬ್ಬ ತಾಯಿ ಫೋನ್ ಮಾಡಿದರು. "ಸಾರ್, ನಮ್ಮ ಮಗಳಿಗೆ ಜಿಂಕೆ ಸೇವೆ ಮಾಡಿದ್ದಾಳೆ ಅಂತ ಎರಡು ವರ್ಷದ ಸರ್ಟಿಫಿಕೇಟು ಬೇಕು."

"ಬಹಳ ಸಂತೋಷ ಅಮ್ಮ. ಎರಡು ವರ್ಷ ಬರಲಿ, ಕೊಡುತ್ತೇನೆ."

"ಅಷ್ಟು ಟೈಮ್ ಇಲ್ಲ ಸಾರ್. ಬುಧವಾರದೊಳಗೆ ಬೇಕು."

"ಬುಧವಾರದೊಳಗೆ ಎರಡು ವರ್ಷ ಹೇಗಮ್ಮ ಆಗುತ್ತೆ?"

"ಹಾಗಾದರೆ ಒಂದೂವರೆ ವರ್ಷ ಮಾಡಿ."

ತರಕಾರಿ ಚೌಕಾಸಿಯ ಹಾಗೆ ಅವರು ಆರು ತಿಂಗಳಿಗೆ ಇಳಿದರು. ನನ್ನ ಸಿಟ್ಟು ಏರಿತು. ನಾನೇನು ಸರ್ಟಿಫಿಕೇಟು ಮಾರುವ ಅಂಗಡಿ ಇಟ್ಟಿದ್ದೇನಾ, ಬೆಳಗಿನ ಐದೂವರೆಗೆ ಎದ್ದು ಮುಳ್ಳಿನಲ್ಲಿ ಕೂತುಕೊಳ್ಳೋರು ಏನು ಕೆಲಸವಿಲ್ಲದವರಾ, ಒಂದು ಸಲವಾದರೂ ನಿಮ್ಮ ಮಗಳು ಜಿಂಕೆ ನೋಡಿದ್ದಾಳಾ ಅಂತ ಸೋಫಾದ ಮೇಲೆ ಕೂತು ಕೂಗಾಡಿದೆ. ಆ ತಾಯಿ ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಸರಿ ಸಾರ್, ಜಿಂಕೆ ಬೇಡ. ನಿಮಗೆ ಗೊತ್ತಿರೋ ಕಡೆ ಬೇರೆ ಯಾವುದಾದರೂ ಕಾಡುಪ್ರಾಣಿ ಇದೆಯಾ?"

ಫೋನು ಸ್ಪೀಕರಿನಲ್ಲಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ ಅಂದಳು: "ಐತಿ ಅಂತ ಹೇಳ್ರಿ. ಸೋಫಾದ ಮ್ಯಾಲ ಕುಂತು ಒದರಾಕತ್ತೈತಿ ಅನ್ರಿ."

೪. ಮಾಲೀಕರ ಹೆಸರು

ವಾಚರ್ ಹೆದರಿದ್ದ ದಿನ ಬಂದೇ ಬಂತು. ಒಂದು ಭಾನುವಾರ ಗುಡ್ಡದ ಬುಡದಲ್ಲಿ ಕೆಂಪು ಬಣ್ಣ ಬಳಿದ ಸರ್ವೆ ಕಲ್ಲುಗಳು ನಿಂತಿದ್ದವು. ಗೋದಾಮು ಕಟ್ಟೋಕೆ ಯಾರೋ ಜಾಗ ಕೇಳಿದ್ದಾರೆ, ಮೇಲಿನವರು ಒಪ್ಪಿಯೂ ಆಗಿದೆ ಅಂತ ಅಲ್ಲಿದ್ದ ಸರ್ವೆಯವರು ಅಂದರು. ಅಲ್ಲಿ ಜಿಂಕೆ ಇದೆ ಅಂತ ದಾಖಲೆ ಇದ್ದರೆ ಮಾತ್ರ ತಡೆಯಬಹುದಂತೆ. ದಾಖಲೆ ಸೇರಿಸೋದು ವಿಜಯವಾಡದ ಒಂದು ಕಚೇರಿಯಲ್ಲಿ. ಯಾವ ಕಚೇರಿ ಅಂತ ಕೇಳಬೇಡಿ, ನನಗೆ ಈ ವಯಸ್ಸಿನಲ್ಲಿ ಇನ್ನೊಂದು ನೋಟೀಸು ಬೇಡ.

ನಾನು, ಫೋರ್‌ಮನ್ ಗಾರು ಹದಿನೈದು ನೋಟ್‌ಬುಕ್ಕುಗಳನ್ನು ಟ್ರಂಕಿನಲ್ಲಿ ಹಾಕಿಕೊಂಡು ದುವ್ವಾಡದಲ್ಲಿ ರೈಲು ಹತ್ತಿದೆವು. ಬರಿಗೈಲಿ ಹೋಗಬಾರದು ಅಂತ ಅವರು ಅನಕಾಪಲ್ಲಿ ಬೆಲ್ಲದ ಎರಡು ಅಚ್ಚು ತಂದಿದ್ದರು. ವಿಜಯವಾಡದಲ್ಲಿ ಅವರ ಮಗಳ ಮನೆ ಇದೆ, ಅಲ್ಲೇ ಇಳಿದುಕೊಂಡೆವು. ವಿಜಯವಾಡದ ಬಿಸಿಲಿನಲ್ಲಿ ಟ್ರಂಕು ಹೊತ್ತು ಕಚೇರಿಯ ಮೂರನೇ ಮಹಡಿ ಹತ್ತಿದಾಗ ಬೆಲ್ಲ ಕರಗಿ ಇಬ್ಬರ ಅಂಗಿಗೂ ಅಂಟಿತ್ತು.

ಗುಮಾಸ್ತರು ಒಳ್ಳೆಯ ಮನುಷ್ಯ. ಬೆಲ್ಲ ತೆಗೆದುಕೊಂಡರು, ನೋಟ್‌ಬುಕ್ಕು ತೆಗೆದುಕೊಳ್ಳಲಿಲ್ಲ. "ಇವು ನೋಟ್‌ಬುಕ್ಕು ಸಾರ್. ನಮಗೆ ಫಾರಂ ಬೇಕು."

"ಕೊಡಿ, ತುಂಬುತ್ತೇನೆ."

"ಜಿಂಕೆಗೆ ಫಾರಂ ಇಲ್ಲ. ದನಕರುಗಳದ್ದು ಇದೆ. ಎರಡಕ್ಕೂ ನಾಲ್ಕೇ ಕಾಲಲ್ಲವಾ, ಅದರಲ್ಲೇ ತುಂಬಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಗಾದೆಯಲ್ಲಿ ಕೇಳಿದ್ದೆ, ಅವತ್ತು ಎದುರಿಗೆ ಕೂತು ನೋಡಿದೆ. ಪ್ರಾಣಿಗಳ ಸಂಖ್ಯೆ: ಮೂವತ್ತೊಂದು. ದಿನಕ್ಕೆ ಎಷ್ಟು ಹಾಲು: ಇಲ್ಲ. ಕೊಟ್ಟಿಗೆಯ ವಿಳಾಸ: ಗುಡ್ಡ. ಆಮೇಲೆ ಬಂತು, ಮಾಲೀಕರ ಹೆಸರು.

"ಇದಕ್ಕೆ ಮಾಲೀಕರು ಇಲ್ಲ."

"ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗೋದಿಲ್ಲ ಸಾರ್."

"ದೇವರು ಅಂತ ಹಾಕಿ."

"ದೇವರ ಆಧಾರ್ ನಂಬರು ಕೇಳುತ್ತೆ."

ಫೋರ್‌ಮನ್ ಗಾರು ಸಹಿ ಹಾಕೋದಿಲ್ಲ ಅಂದುಬಿಟ್ಟರು. "ನನ್ನದಲ್ಲದ ಜಿಂಕೆಗೆ ನಾನು ಮಾಲೀಕ ಹೇಗಾಗಲಿ ಅಂಡಿ?" ಅಂತ ಕಿಟಕಿಯ ಕಡೆ ತಿರುಗಿ ನಿಂತರು. ನನಗೆ ಗುಡ್ಡ ಉಳಿಯಬೇಕಿತ್ತು. ಸಾಯಂಕಾಲದ ರೈಲಿಗೆ ಹೊತ್ತಾಗಿತ್ತು. ನನ್ನ ಹೆಸರು ಬರೆದೆ, ನನ್ನ ಆಧಾರ್ ಕೊಟ್ಟೆ. ಕಂಪ್ಯೂಟರು ಸಂತೋಷವಾಗಿ ಮುಂದೆ ಹೋಯಿತು.

ಎರಡು ತಿಂಗಳಿಗೆ ಮನೆಗೆ ನೋಟೀಸು ಬಂತು. ಅದೇ ಕಚೇರಿಯದು. ಮೂವತ್ತೊಂದು ವನ್ಯಪ್ರಾಣಿಗಳನ್ನು ಸ್ವಂತಕ್ಕೆ ಸಾಕಿಕೊಂಡಿರುವುದಾಗಿ ತಾವೇ ಒಪ್ಪಿ ಸಹಿ ಮಾಡಿದ್ದೀರಿ, ಇದು ಶಿಕ್ಷಾರ್ಹ ಅಪರಾಧ, ತಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು ಅಂತ. ನಾನು ವಕೀಲರ ಮನೆಗೆ ಅಲೆದೆ. ಆ ಅಲೆದಾಟದಲ್ಲಿ ಐದು ತಿಂಗಳು ಹೋಯಿತು, ಅಷ್ಟರಲ್ಲಿ ಗುಡ್ಡದ ಒಂದು ಬದಿಗೆ ಕಾಂಪೌಂಡು ಎದ್ದಿತು.

ನೋಟೀಸನ್ನು ನನ್ನ ಮಗಳು ಓದಿ ಅವಳ ಅಮ್ಮನಿಗೆ ಅರ್ಥ ಹೇಳಿದಳು. ಹೆಂಡತಿ ಕೈ ಒರೆಸಿಕೊಂಡು ನೋಟೀಸನ್ನು ಒಂದು ಸಲ ತಿರುಗಿಸಿ ನೋಡಿದಳು. ಆಮೇಲೆ ಅಂದಳು: "ಟೌನ್‌ಶಿಪ್ಪಿನ್ಯಾಗ ಅಷ್ಟು ಜಾಗ ಇತ್ತು, ಒಂದು ಆಕಳ ತರ್ರಿ ಅಂತ ಮೂವತ್ತು ವರ್ಷ ಬಡ್ಕೊಂಡೆ, ತರಲಿಲ್ಲ. ಮೂವತ್ತೊಂದು ಚಿಗರಿ ಕಟ್ಟೀರಂತ, ಒಂದು ವಾಟಿ ಹಾಲಿಲ್ಲ."

೫. ಶಾಮಿಯಾನದ ಸಮಿತಿ

ನೋಟೀಸಿಗೆ ನಾನು ಬರೆದ ಉತ್ತರ ಉದ್ದವಾಗಿತ್ತು, ಸಿಟ್ಟಿನಿಂದಲೂ ಕೂಡಿತ್ತು. ಅದರಿಂದ ಒಂದು ಉಪಕಾರವಾಯಿತು. ಮೂರು ಜನರ ಸಮಿತಿ ಸ್ಥಳಕ್ಕೆ ಬಂದು ಕಣ್ಣಾರೆ ನೋಡುತ್ತದೆ, ಜಿಂಕೆ ಇದ್ದರೆ ಗೋದಾಮು ಇಲ್ಲ, ಇಲ್ಲದಿದ್ದರೆ ಇದೆ ಅಂತ ಆಯಿತು.

ಬೆಳಗ್ಗೆ ಆರಕ್ಕೆ ಬನ್ನಿ, ಸದ್ದು ಮಾಡಬೇಡಿ, ಬಿಳಿ ಬಟ್ಟೆ ಬೇಡ ಅಂತ ನಾನು ಮೂರು ಸಲ ಫೋನು ಮಾಡಿ ಹೇಳಿದ್ದೆ. ಅವರು ಹನ್ನೊಂದಕ್ಕೆ ಬಂದರು. ಒಂಬತ್ತಕ್ಕೇ ಶಾಮಿಯಾನದವರು ಬಂದು ಗೂಟ ಹೊಡೆದರು. ಫ್ಯಾನಿಗೆ ಜನರೇಟರು ಬಂತು. ಬಾಳೆಲೆ ಬಂತು, ಪುಳಿಯೋಗರೆ ಬಂತು, ಸ್ವಾಗತದ ಮೈಕು ಬಂತು. ಮೈಕಿನಲ್ಲಿ ಒಬ್ಬ "ಹಲೋ, ಚೆಕ್, ಚೆಕ್" ಅಂದಾಗ ಗುಡ್ಡದ ಕಾಗೆಗಳೂ ಎದ್ದು ಹೋದವು.

ಒಂದು ಗಂಟೆಯವರೆಗೆ ಸಮಿತಿ ಶಾಮಿಯಾನದ ಕೆಳಗೆ ಕೂತು ಗುಡ್ಡದ ಕಡೆ ನೋಡಿತು. ಏನೂ ಬರಲಿಲ್ಲ. ನಾನು ಎದ್ದು ಗೇರು ಮರಗಳ ಆಚೆ ಹೋದೆ. ಅಲ್ಲಿ, ಇಪ್ಪತ್ತು ಮಾರು ದೂರದಲ್ಲಿ, ನೆರಳಿನಲ್ಲಿ ನಿಂತಿದ್ದವು. ಒಂಬತ್ತು. ಒಂದು ಮರಿ ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತ್ತು. ನಾನು ಚಪ್ಪಲಿ ಬಿಟ್ಟು ಓಡಿಬಂದೆ. ಸಮಿತಿಯನ್ನು ಎಬ್ಬಿಸಿಕೊಂಡು ಹೋಗುವಷ್ಟರಲ್ಲಿ ಯಾರದೋ ಫೋನು ಹೊಡೆದುಕೊಂಡಿತು. ಅಲ್ಲಿ ಒಣಗಿದ ಎಲೆ ಬಿಟ್ಟು ಏನೂ ಇರಲಿಲ್ಲ.

"ಒಂಬತ್ತು ಇದ್ದವು ಸಾರ್, ನನ್ನ ಮಗಳಾಣೆ" ಅಂದೆ.

ಸಮಿತಿಯ ಹಿರಿಯರು ಮರ್ಯಾದಸ್ಥರು. ನನ್ನ ನೋಟ್‌ಬುಕ್ಕನ್ನು ತೆರೆದು ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. "ಇಬ್ಬರೂ ನೋಡಿದ್ದೇ ಜಿಂಕೆ. ಒಬ್ಬನೇ ನೋಡಿದ್ದು ಬರೀ ಮಾತು. ಬಹಳ ಒಳ್ಳೆಯ ಪದ್ಧತಿ ಸಾರ್, ನಾವೂ ಇದನ್ನೇ ಪಾಲಿಸೋಣ. ನಿಮ್ಮ ಜೊತೆಯವರು ನೋಡಿದರಾ?"

ಎಲ್ಲರೂ ಫೋರ್‌ಮನ್ ಗಾರು ಅವರ ಕಡೆ ತಿರುಗಿದರು. ಹದಿನೈದು ದಿನದ ಹಿಂದೆ ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದು ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದರು. ಹದಿನೇಳು ವರ್ಷದ ಸ್ನೇಹ. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಕೈ ಮುಗಿಯೋದು ಒಂದು ಬಾಕಿ. ಒಂದು ಮಾತು, "ನೋಡಿದೆ" ಅನ್ನೋ ಒಂದೇ ಮಾತು ಸಾಕಿತ್ತು.

"ನಾನು ಇಲ್ಲೇ ಕೂತಿದ್ದೆ ಅಂಡಿ" ಅಂದರು. "ನೋಡಲಿಲ್ಲ."

ಸಮಿತಿ ಸೊನ್ನೆ ಬರೆಯಿತು. ನನ್ನ ನೋಟ್‌ಬುಕ್ಕಿನಲ್ಲೂ ನನ್ನ ಕೈಯಿಂದಲೇ ಸೊನ್ನೆ ಬರೆಸಿ ಸಹಿ ತೆಗೆದುಕೊಂಡರು. ಊಟ ಮಾಡಿದರು, ಪುಳಿಯೋಗರೆ ಚೆನ್ನಾಗಿದೆ ಅಂದರು, ಹೋದರು. ಶಾಮಿಯಾನದವರು ಊಟಕ್ಕೆ ಅಂತ ಜನರೇಟರು ನಿಲ್ಲಿಸಿ ಆಚೆ ಹೋದರು. ನಾವಿಬ್ಬರೇ ಉಳಿದೆವು. ಆಗ ಗೇರು ಮರಗಳ ಮಧ್ಯದಿಂದ ಒಂದೊಂದಾಗಿ ಬಂದವು. ಸಮಿತಿ ಉಂಡ ಬಾಳೆಲೆಗಳನ್ನು ಎಳೆದು, ಸಾವಕಾಶವಾಗಿ ತಿನ್ನತೊಡಗಿದವು. ಒಂದು ಗಂಡು ಮೈಕಿನ ಕಂಬಕ್ಕೆ ಕೊಂಬು ಉಜ್ಜಿತು.

ಫೋರ್‌ಮನ್ ಗಾರು ಕಪ್ಪು ಕನ್ನಡಕ ತೆಗೆದರು. ಎಡಜೇಬಿನಿಂದ ಬಲಜೇಬಿಗೆ ಬೀಜ ಹಾಕುತ್ತಾ ಹೋದರು. ಕೊನೆಗೆ ಹೇಳಿದರು: "ಹದಿನಾಲ್ಕು. ಇವು ಇಬ್ಬರೂ ನೋಡಿದವು ಅಂಡಿ. ಬರೆದುಕೊಳ್ಳಿ."

ನಾನು ಬರೆಯಲಿಲ್ಲ. ನೋಟ್‌ಬುಕ್ಕು ಎಸೆದು ಎದ್ದುಬಂದೆ. ಅವತ್ತಿನಿಂದ ಎರಡು ವರ್ಷ ಅವರ ಜೊತೆ ಮಾತಾಡಲಿಲ್ಲ.

೬. ಹನ್ನೊಂದೋ ಹನ್ನೆರಡೋ

ಗೋದಾಮು ಬಂತು. ಗೇರು ಮರ ಹೋಯಿತು, ಮುಳ್ಳುಪೊದೆ ಹೋಯಿತು, ಹಿಂಡು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಒಂದೆರಡನ್ನು ಹೆದ್ದಾರಿಯಲ್ಲಿ ಲಾರಿ ಹೊಡೆಯಿತು ಅಂತ ಪೇಪರಿನಲ್ಲಿ ಬಂತು. ಆ ಪುಟವನ್ನು ನಾನು ಪೂರ್ತಿ ಓದಲಿಲ್ಲ.

ಗೋದಾಮಿನವರಿಗೆ ಪರಿಸರದ ಬಗ್ಗೆ ಬಹಳ ಕಾಳಜಿ. ಗುಡ್ಡದ ತಪ್ಪಲಿನಲ್ಲಿ ಉಳಿದ ಮೂಲೆಯಲ್ಲಿ ಹುಲ್ಲು ಹಾಸಿ, ಬೆಂಚು ಹಾಕಿ, ಜಾರುಬಂಡೆ ಇಟ್ಟು, "ಜಿಂಕೆ ವನ" ಅಂತ ಬೋರ್ಡು ಹಾಕಿದರು. ಒಳಗೆ ಸಿಮೆಂಟಿನ ಜಿಂಕೆಗಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ಇಲ್ಲಿ ಕೋಟೆ ಸೂರೆ ಮಾಡಿದವರೇ ಬಾಗಿಲು ಹಾಕಿ, ಅದಕ್ಕೆ ಬಣ್ಣ ಹೊಡೆದು, ಉದ್ಘಾಟನೆಗೆ ನಮ್ಮಿಬ್ಬರನ್ನೇ ಕರೆದರು. ಆಹ್ವಾನ ಪತ್ರಿಕೆಯಲ್ಲಿ "ಜಿಂಕೆ ಪ್ರೇಮಿಗಳು" ಅಂತ ಅಚ್ಚಾಗಿತ್ತು. ಹರಿದು ಬಿಸಾಕಿದೆ.

ಆದರೆ ಕೆಲವು ತಿಂಗಳ ಮೇಲೆ, ಒಂದು ಮೊದಲ ಭಾನುವಾರ ಐದೂವರೆಗೆ ಎಚ್ಚರವಾಯಿತು. ಎರಡು ವರ್ಷದಿಂದಲೂ ಆಗುತ್ತಿತ್ತು, ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಅವತ್ತು ಯಾಕೋ ಎದ್ದು ಸ್ಕೂಟರ್ ತೆಗೆದೆ. "ಎಲ್ಲಿಗ್ರಿ?" ಅಂದಳು ಹೆಂಡತಿ. "ಸುಮ್ಮನೆ" ಅಂದೆ. ಅವಳು ಒಳಗೆ ಹೋಗಿ ನೋಟ್‌ಬುಕ್ಕು ತಂದುಕೊಟ್ಟಳು. ಅವತ್ತು ನಾನು ಎಸೆದು ಬಂದದ್ದು. ಅದನ್ನು ಫೋರ್‌ಮನ್ ಗಾರು ಮಾರನೆಯ ದಿನವೇ ಮನೆಗೆ ತಂದುಕೊಟ್ಟು ಹೋಗಿದ್ದರಂತೆ. "ನಿಮಗ ಹೇಳಿದ್ರ ಸಿಟ್ಟು ಮಾಡ್ತೀರಂತ ಅಕ್ಕಿ ಡಬ್ಬಿ ಹಿಂದ ಇಟ್ಟಿದ್ದೆ" ಅಂದಳು.

ಜಿಂಕೆ ವನದ ಬೆಂಚಿನ ಮೇಲೆ ಫೋರ್‌ಮನ್ ಗಾರು ಕೂತಿದ್ದರು. ಬಹಳ ಇಳಿದುಹೋಗಿದ್ದರು. ವನ ಆಗುವ ಮೊದಲಿನಿಂದಲೂ, ಎರಡು ವರ್ಷದಿಂದ ಪ್ರತಿ ಮೊದಲ ಭಾನುವಾರ ಬರುತ್ತಿದ್ದಾರೆ ಅಂತ ಗೋದಾಮಿನ ಕಾವಲಿನವನು ಹೇಳಿದ. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಅವರು ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಬೀಜ ಎಡಜೇಬಿನಿಂದ ಬಲಜೇಬಿಗೆ ಹೋಗತೊಡಗಿತು. ಸಿಮೆಂಟಿನ ಜಿಂಕೆ ಎಣಿಸುತ್ತಿದ್ದರು. ನನಗೂ ಕೈ ತಡೆಯಲಿಲ್ಲ, ಗೀಟು ಹಾಕಿದೆ.

"ಹನ್ನೊಂದು ಅಂಡಿ" ಅಂದರು ಅವರು.

"ಹನ್ನೆರಡು" ಅಂದೆ ನಾನು. ಎರಡು ವರ್ಷದಲ್ಲಿ ಅವರಿಗೆ ನಾನು ಆಡಿದ ಮೊದಲ ಮಾತು ಅದು.

"ಹನ್ನೊಂದೇ. ಸಿಮೆಂಟು ಓಡಾಡೋದಿಲ್ಲ ಅಂಡಿ, ನಾನು ಪ್ರತಿ ತಿಂಗಳೂ ಎಣಿಸುತ್ತೇನೆ."

ನಾನು ಮತ್ತೆ ನೋಡಿದೆ. ಜಾರುಬಂಡೆಯ ಹಿಂದೆ, ಕಾಂಪೌಂಡಿನ ಬಿರುಕಿನ ಹತ್ತಿರ, ಎರಡು ಸಿಮೆಂಟು ಜಿಂಕೆಗಳ ಮಧ್ಯೆ ಒಂದು ನಿಂತಿತ್ತು. ಅದರ ಬಣ್ಣ ಉಳಿದವುಗಳಷ್ಟು ಚೆನ್ನಾಗಿರಲಿಲ್ಲ. ಪಕ್ಕೆ ಕಾಣುತ್ತಿತ್ತು. ನಾನು ನೋಡುತ್ತಿದ್ದ ಹಾಗೆ ಅದು ಕಿವಿ ಅಲ್ಲಾಡಿಸಿತು.

ಅವರ ತೋಳು ಹಿಡಿದು ಅಲ್ಲಾಡಿಸಿ ಬೆರಳು ತೋರಿಸಿದೆ. ಅವರು ಕನ್ನಡಕ ಹುಡುಕಿದರು, ಅಂಗಿಯ ಅಂಚಿನಿಂದ ಒರೆಸಿದರು, ಮೂಗಿನ ಮೇಲೆ ಕೂರಿಸಿಕೊಂಡರು. ಅಷ್ಟರಲ್ಲಿ ಅದು ಗೋಡೆಯ ಬಿರುಕಿನಲ್ಲಿ ತೂರಿ ಗುಡ್ಡದ ಕಡೆ ಹೋಯಿತು.

"ಹೋಯಿತು" ಅಂದೆ. "ಜೀವ ಇರೋದು. ಒಂದೇ ಒಂದು. ನಾನೊಬ್ಬನೇ ನೋಡಿದ್ದು, ಬಿಡಿ. ಬರೀ ಮಾತು."

ನೋಟ್‌ಬುಕ್ಕು ಮುಚ್ಚೋಕೆ ಹೋದೆ. ಫೋರ್‌ಮನ್ ಗಾರು ಕೈ ಅಡ್ಡ ಇಟ್ಟರು.

"ಬರೆಯಿರಿ ಅಂಡಿ. ನಾನೂ ನೋಡಿದೆ."

"ಎಲ್ಲಿ ನೋಡಿದಿರಿ?"

"ಅಗೋ, ಅಲ್ಲಿ" ಅಂತ ಗೇಟಿನ ಪಕ್ಕದ ಶೌಚಾಲಯದ ಕಡೆ ಕೈ ತೋರಿಸಿದರು. ಎಡಜೇಬಿನಿಂದ ಒಂದು ಬೀಜ ತೆಗೆದು, ನನಗೆ ಕಾಣುವ ಹಾಗೆ ಹಿಡಿದು, ಬಲಜೇಬಿಗೆ ಹಾಕಿದರು.

ಮೂವತ್ತು ವರ್ಷ ಕಾರ್ಖಾನೆಯಲ್ಲಿ, ಹದಿನೇಳು ವರ್ಷ ಗುಡ್ಡದಲ್ಲಿ ಒಂದು ಸುಳ್ಳಿಗೂ ಸಹಿ ಹಾಕದ ಮನುಷ್ಯ. ನನಗೆ ಅಳು ಬಂತು, ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು.

"ಈ ಮಾತು ಅವತ್ತು ಸಮಿತಿಯ ಮುಂದೆ ಆಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?"

ಅವರು ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು.

"ಅವತ್ತು ಹೊಸದಾಗಿ ಪೊರೆ ತೆಗೆಸಿದ್ದೆ ಅಂಡಿ, ಇದ್ದದ್ದು ಮಾತ್ರ ಕಾಣುತ್ತಿತ್ತು. ಈಗ ಇನ್ನೊಂದು ಕಣ್ಣಿಗೂ ಪೊರೆ ಬಂದಿದೆ. ನೀವು ಹೇಳಿದ್ದೆಲ್ಲ ಕಾಣುತ್ತೆ."